ಮೂವತ್ತೊಂದನೇ ಗೋದಾಮು: ಮೆಟ್ಟಿಲ ಮೇಲಿನ ಹನ್ನೆರಡು ನಿಮಿಷ

ಪೆನ್ಸಿಲ್ ಸಾಹೇಬರು ಹಾಳೆಯ ಮೇಲಿದ್ದ ಮೂರು ಹೆಸರುಗಳಲ್ಲಿ ಒಂದನ್ನು ರಬ್ಬರಿನಿಂದ ಉಜ್ಜಿ ಅಳಿಸಿದರು. ಪುಡಿಯನ್ನು ಊದಿ, ನನ್ನ ಕಡೆ ನೋಡಿದರು.

“ನಿಮ್ಮ ಉಗ್ರಾಣಿ ಅಲ್ಲ ಮೇಡಂ. ಗುರುವಾರ ಅವನು ಹಲ್ಲು ಕೀಳಿಸ್ಕೊಂಡು ಮನೇಲಿ ಮಲಗಿದ್ದ. ಡಾಕ್ಟರನ್ನೇ ಕೇಳಿ ಬಂದೆ. ದವಡೆ ಹಲ್ಲು. ಬಾಯಿ ಬಿಡೋಕೂ ಆಗ್ತಿರಲಿಲ್ಲವಂತೆ.”

ನಮ್ಮ ಆಫೀಸಿನ ವಿಳಾಸ ಪಟ್ಟಿಗಳನ್ನೆಲ್ಲ ಕಾಯುವವನಿಗೆ ಉಗ್ರಾಣಿ ಎಂದು ಹೆಸರಿಟ್ಟವಳು ನಾನು. ವಿಮಾ ಕಂಪನಿಯಿಂದ ಬಂದ ಈ ಪತ್ತೇದಾರರಿಗೆ ಪೆನ್ಸಿಲ್ ಸಾಹೇಬರು ಎಂದು ಇಟ್ಟವಳೂ ನಾನೇ. ಏನೇ ಬರೆದರೂ ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಹೆಸರಿಡುವುದು ಬಿಟ್ಟರೆ ಈ ಆಫೀಸಿನಲ್ಲಿ ನನಗೆ ಯಾರೂ ಏನನ್ನೂ ಬಿಟ್ಟುಕೊಟ್ಟಿಲ್ಲ.

“ಹಾಗಾದ್ರೆ ಇಬ್ಬರು ಉಳಿದ್ರು” ಎಂದೆ.

“ಇಬ್ಬರು. ಒಂದು ನೀವು, ರಿಲೀಸ್ ಮ್ಯಾನೇಜರ್. ಇನ್ನೊಂದು ಪ್ರೋಗ್ರಾಂ ಮುಖ್ಯಸ್ಥೆ. ನಿಮ್ಮ ಓರಗಿತ್ತಿ.”

ಕೊನೆಯ ಪದವನ್ನು ಅವರು ಮೆಲ್ಲಗೆ ಹೇಳಿದರು. ಗಾಯ ಎಲ್ಲಿದೆ ಎಂದು ಡಾಕ್ಟರು ಬೆರಳಿನಿಂದ ಒತ್ತಿ ನೋಡುವ ಹಾಗೆ. ನಾನು ಮುಖ ಕಿವುಚಲಿಲ್ಲ. ಆರು ವರ್ಷದಿಂದ ಅಭ್ಯಾಸವಾಗಿದೆ.

ಗುರುವಾರ ನಡೆದದ್ದು ಇಷ್ಟು. ಕ್ಯಾನ್ಸರ್ ಔಷಧಿಯ ನಲವತ್ತು ತಂಪು ಪೆಟ್ಟಿಗೆ ಹೊತ್ತ ಲಾರಿಯೊಂದು ನಮ್ಮ ಸಾಫ್ಟ್‌ವೇರ್ ತೋರಿಸಿದ ದಾರಿ ಹಿಡಿದು, ಮೂವತ್ತೊಂದನೇ ಗೋದಾಮಿನ ಬದಲು ಊರಾಚೆಯ ಯಾವುದೋ ಶೆಡ್ಡಿಗೆ ಹೋಗಿ ಸರಕು ಇಳಿಸಿತು. ಪೆಟ್ಟಿಗೆಗಳು ಅಲ್ಲಿಂದ ಮಾಯ.

ಯಾರೂ ಪ್ರೋಗ್ರಾಮನ್ನು ಮುಟ್ಟಿರಲಿಲ್ಲ. ಮುಟ್ಟುವ ಹಾಗೂ ಇರಲಿಲ್ಲ. ಸೀಸನ್ನಿನ ಹತ್ತು ದಿನ ನಮ್ಮಲ್ಲಿ ಫ್ರೀಜ್, ಎಲ್ಲ ಬದಲಾವಣೆಗೂ ತಡೆ. ಒಂದು ಸಾಲು ಬದಲಾಯಿಸಬೇಕಾದರೂ ಮೂವರು ಒಪ್ಪಬೇಕು, ಎಂಡಿಯವರೂ ಸಹಿ ಹಾಕಬೇಕು. ಈ ನಿಯಮವನ್ನು ಬರೆದವಳು ನಾನು. ಪ್ರೋಗ್ರಾಮಿನ ನೂರ ಹನ್ನೆರಡು ಹೊಸ ಆವೃತ್ತಿ ರಿಲೀಸ್ ಮಾಡಿದ್ದೇನೆ, ಒಂದನ್ನೂ ವಾಪಸ್ ತೆಗೆದುಕೊಂಡವಳಲ್ಲ.

ಆದರೆ ಗೋದಾಮುಗಳ ವಿಳಾಸ ಪಟ್ಟಿಯನ್ನು ನಾವು ಯಾರೂ ಪ್ರೋಗ್ರಾಂ ಎಂದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಗೋದಾಮಿನ ಗೇಟು ಬದಲಾಗುತ್ತದೆ, ರಸ್ತೆ ಅಗೆಯುತ್ತಾರೆ, ವಿಳಾಸ ತಿದ್ದಬೇಕಾಗುತ್ತದೆ. ಅದಕ್ಕೆ ಉಗ್ರಾಣಿ, ನಾನು, ಓರಗಿತ್ತಿ, ಈ ಮೂವರಲ್ಲಿ ಒಬ್ಬರ ಒಪ್ಪಿಗೆ ಸಾಕು. ಮುಂಬಾಗಿಲಿಗೆ ಮೂರು ಬೀಗ ಹಾಕಿ ಹಿತ್ತಿಲ ಬಾಗಿಲಿಗೆ ಚಿಲಕ ಮಾತ್ರ ಹಾಕಿದ್ದೆವು.

ಗುರುವಾರ ಹನ್ನೊಂದು ನಲವತ್ತೆರಡಕ್ಕೆ ಮೂವತ್ತೊಂದನೇ ಗೋದಾಮಿನ ವಿಳಾಸ ಬದಲಾಯಿತು. ಮೂರು ಹತ್ತಕ್ಕೆ ಮತ್ತೆ ಮೊದಲಿನಂತಾಯಿತು; ತಾನಾಗಿ ಹಾಗಾಗುವಂತೆ ಮೊದಲೇ ಸಮಯ ಕೊಟ್ಟಿಟ್ಟಿದ್ದರು. ಪಟ್ಟಿಗಳನ್ನು ತಾಳೆ ನೋಡುವ ತಪಾಸಣೆ ದಿನಾ ಮೂರೂವರೆಗೆ ತಾನಾಗಿ ಓಡುತ್ತದೆ. ಬದಲಾಯಿಸಿದವರಿಗೆ ಅದು ಗೊತ್ತಿತ್ತು.

ಎರಡನ್ನೂ ಒಟ್ಟಿಗೇ ನಮೂದಿಸಿದ್ದು ನನ್ನ ಓರಗಿತ್ತಿಯ ಕಂಪ್ಯೂಟರಿನಿಂದ. ಅವಳ ಹೆಸರಿನಲ್ಲಿ, ಅವಳ ನಂಬರ್ ಕೀ ಬಳಸಿ.

“ನಾಲ್ಕು ಗಂಟೆಗೆ ನನ್ನ ವರದಿ ಪೊಲೀಸರ ಕೈಗೆ ಹೋಗ್ಬೇಕು” ಎಂದರು ಪೆನ್ಸಿಲ್ ಸಾಹೇಬರು. “ಅದರಲ್ಲಿ ನಿಮ್ಮ ಓರಗಿತ್ತಿ ಹೆಸರು ಇರುತ್ತೆ. ಸಂಜೆ ಒಳಗೆ ಕರ್ಕೊಂಡು ಹೋಗ್ತಾರೆ. ಅದಕ್ಕೆ ಮೊದಲು ನಿಮಗೇನಾದ್ರೂ ಹೇಳೋದಿದೆಯಾ?”

“ಏನೂ ಇಲ್ಲ ಸರ್.”

ಸುಳ್ಳು. ಹೇಳುವುದು ಇತ್ತು. ಹನ್ನೊಂದು ನಲವತ್ತೆರಡಕ್ಕೆ ಅವಳು ತನ್ನ ಕಂಪ್ಯೂಟರಿನ ಮುಂದೆ ಇರಲಿಲ್ಲ ಎಂದು ಈ ಲೋಕದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

*

ನನ್ನ ಜಾಗಕ್ಕೆ ಬಂದು ಕುಳಿತೆ. ಅಲ್ಲಿಂದ ನೇರವಾಗಿ ಕಾಣುವುದು ಅವಳ ಗಾಜಿನ ಕೋಣೆ. ಯಾರು ಕುರ್ಚಿ ಮೇಜು ಜೋಡಿಸಿದರೋ, ನನ್ನ ಹೊಟ್ಟೆ ಉರಿಸಲೆಂದೇ ಜೋಡಿಸಿದ್ದಾರೆ.

ಅವಳು ಮದುವೆಯಾಗಿ ನಮ್ಮ ಮನೆಗೆ ಬಂದಾಗ ಕೆಲಸವಿರಲಿಲ್ಲ. ನಾನೇ ಕೈಹಿಡಿದು ಇಲ್ಲಿಗೆ ಕರೆತಂದೆ. ಲಾರಿಗೆ ದಾರಿ ಹೇಗೆ ಹೋಗುತ್ತದೆ, ರಿಲೀಸ್ ಎಂದರೇನು, ಕೆಟ್ಟರೆ ಹೇಗೆ ಹಿಂದೆಗೆದುಕೊಳ್ಳಬೇಕು, ಎಲ್ಲ ಕಲಿಸಿದೆ. “ಅಕ್ಕ, ಅಕ್ಕ” ಎಂದು ಹಿಂದೆಯೇ ಸುತ್ತುತ್ತಿದ್ದಳು. ನಾಲ್ಕು ವರ್ಷದಲ್ಲಿ ನನ್ನ ಪಕ್ಕದ ಕುರ್ಚಿಗೆ ಬಂದಳು, ಐದನೇ ವರ್ಷ ಗಾಜಿನ ಕೋಣೆಗೆ ಹೋದಳು. ಈಗ ನನ್ನ ರಜೆಯ ಅರ್ಜಿಗೆ ಒಪ್ಪಿಗೆ ಕೊಡುವವಳು ಅವಳು.

ಮನೆಯಲ್ಲೂ ಅಷ್ಟೇ. ನಾವು ಕೆಳಗಿನ ಮನೆ, ಅವರು ಮಹಡಿ ಮನೆ. ಅತ್ತೆಗೆ ತಲೆನೋವು ಬಂದರೂ ಕೂಗುವುದು ಮಹಡಿ ಕಡೆಗೆ. ನಾನು ಮಾಡಿದ ಸಾರಿಗೆ “ಪರವಾಗಿಲ್ಲ” ಎನ್ನುವವರು ಅವಳ ಸಾರಿಗೆ ಎರಡನೇ ಸಲ ಲೋಟ ಹಿಡಿಯುತ್ತಾರೆ. ಒಂದೇ ದಿನ ಒಂದೇ ಅಂಗಡಿಯಿಂದ ಇಬ್ಬರೂ ಒಂದೊಂದು ಗಿಡದ ಕುಂಡ ತಂದು ಆಫೀಸಿನಲ್ಲಿಟ್ಟೆವು. ಅವಳದು ಕಿಟಕಿ ಮುಟ್ಟಿದೆ. ನನ್ನದು ಒಣಗಿ, ಈಗ ಕುಂಡದಲ್ಲಿ ಪೆನ್ನು ಇಟ್ಟುಕೊಂಡಿದ್ದೇನೆ.

ಇದಕ್ಕೆಲ್ಲ ಹೊಟ್ಟೆಕಿಚ್ಚು ಎನ್ನುತ್ತಾರೆ ಎಂದು ನನಗೂ ಗೊತ್ತು. ಬೇರೆ ಒಳ್ಳೆಯ ಹೆಸರು ಸಿಕ್ಕರೆ ನಾನೂ ಇಡುತ್ತಿದ್ದೆ.

ಅವಳು ಗಾಜಿನ ಹಿಂದೆ ಒಬ್ಬಳೇ ಊಟ ಮಾಡುತ್ತಿದ್ದಳು. ಬೆಳಗಿನಿಂದ ಯಾರೂ ಆ ಕೋಣೆಯ ಹತ್ತಿರ ಸುಳಿದಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡು ಕೈಯೆತ್ತಿ, ತುತ್ತು ಬಾಯಿಗಿಡುವಂತೆ ಸನ್ನೆ ಮಾಡಿದಳು. ಊಟ ಆಯಿತಾ ಎಂದು. ಸಂಜೆಗೆ ಪೊಲೀಸರು ಬರುವವರಿದ್ದಾರೆ, ಇವಳಿಗೆ ನನ್ನ ಊಟದ ಚಿಂತೆ.

ನಾನು ತಲೆ ತಗ್ಗಿಸಿದೆ. ಕಣ್ಣೆದುರಿಗೆ ನನ್ನ ಸ್ಟೀಲ್ ಡಬ್ಬಿ ಇತ್ತು.

ಆ ಡಬ್ಬಿಯ ಕಥೆ ಹೇಳಲೇಬೇಕು. ಒಪ್ಪಿಗೆ ಕೊಡುವವರಿಗೆಲ್ಲ ಕಂಪನಿ ಒಂದೊಂದು ನಂಬರ್ ಕೀ ಕೊಟ್ಟಿದೆ. ಹೆಬ್ಬೆರಳಿನಷ್ಟು ಉದ್ದದ ವಸ್ತು, ನಿಮಿಷಕ್ಕೊಂದು ಹೊಸ ಸಂಖ್ಯೆ ತೋರಿಸುತ್ತದೆ. ಅದನ್ನು ಒತ್ತದೆ ಯಾವ ಬದಲಾವಣೆಯೂ ನಡೆಯದು. ಒಂದು ವರ್ಷ ಫ್ರೀಜ್ ದಿನಗಳಲ್ಲಿ ಒಬ್ಬರ ಕೀ ಅವರ ಪ್ಯಾಂಟಿನ ಜೇಬಿನಲ್ಲೇ ಉಳಿದು ವಾಷಿಂಗ್ ಮಷಿನ್ನಿಗೆ ಬಿತ್ತು. ಮುನ್ನೂರು ಲಾರಿ ಮೂರು ಗಂಟೆ ರಸ್ತೆಯಲ್ಲಿ ನಿಂತವು. ಅಂದಿನಿಂದ ನಾನೇ ಪದ್ಧತಿ ಮಾಡಿದೆ: ಫ್ರೀಜ್ ದಿನಗಳಲ್ಲಿ ಎಲ್ಲರ ಕೀಗಳೂ ನನ್ನ ಮೇಜಿನ ಮೇಲಿನ ಡಬ್ಬಿಯಲ್ಲಿ. ಮನೆಗೆ ಒಯ್ಯುವಂತಿಲ್ಲ. ಕೀ ಒಬ್ಬರ ಕೈಯಲ್ಲೇ ಇರಬೇಕೆಂಬ ನಿಯಮವನ್ನು ನಾವೆಲ್ಲ ಸೇರಿ, ನಗುನಗುತ್ತಾ, ಗಾಳಿಗೆ ತೂರಿದೆವು. ಡಬ್ಬಿಗೆ ಬೀಗವಿಲ್ಲ.

ಗುರುವಾರ ಹನ್ನೊಂದು ಮೂವತ್ತೆಂಟಕ್ಕೆ ನಾನು ಆ ಡಬ್ಬಿಯನ್ನು ಹಾಗೇ ಬಿಟ್ಟು ಎದ್ದೆ. ಅವಳ ಗಾಜಿನ ಬಾಗಿಲು ತಟ್ಟಿ, “ಸ್ವಲ್ಪ ಮೆಟ್ಟಿಲ ಹತ್ತಿರ ಬಾ” ಎಂದೆ. ಉಳಿದವರೆಲ್ಲ ಕಾಫಿಗೆ ಇಳಿದಿದ್ದ ಹೊತ್ತು, ಅವಳು ಕಂಪ್ಯೂಟರನ್ನೂ ಮುಚ್ಚದೆ ಬಂದಳು. ಹನ್ನೊಂದು ಐವತ್ತಕ್ಕೆ ಬೆಂಕಿಯ ಗಂಟೆಯ ಪರೀಕ್ಷೆ ನಡೆಯಿತು, ಅದು ಬಡಿದಾಗಲೂ ಇಬ್ಬರೂ ಮೆಟ್ಟಿಲ ಮೇಲೇ ಇದ್ದೆವು. ಆ ಹನ್ನೆರಡು ನಿಮಿಷ ನಾನು ಅವಳಿಗೆ ಏನೇನು ಹೇಳಿದೆ ಎಂಬುದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಾರೆ.

ಹೇಳದಿದ್ದರೆ ಸಂಜೆಗೆ ಆ ಗಾಜಿನ ಕೋಣೆ ಖಾಲಿ.

ಸುಳ್ಳೇಕೆ ಹೇಳಲಿ, ಆ ಯೋಚನೆ ಬಂದಾಗ ಹಾಲು ಕುಡಿದಷ್ಟು ಸಂತೋಷವಾಯಿತು.

*

ಮೂರು ಗಂಟೆಗೆ ಪೆನ್ಸಿಲ್ ಸಾಹೇಬರೇ ನನ್ನ ಮೇಜಿನ ಬಳಿ ಬಂದರು. ನೀರು ಕೇಳಿದರು. ಕುಡಿಯುತ್ತಾ, ಗಾಜಿನ ಕೋಣೆಯತ್ತ ನೋಡುತ್ತಾ ನಿಂತರು.

“ವಿಚಿತ್ರ ಹೆಂಗಸು ನಿಮ್ಮ ಓರಗಿತ್ತಿ.”

“ಯಾಕೆ ಸರ್?”

“ಬೆಳಿಗ್ಗೆ ಕೇಳಿದೆ, ಹನ್ನೊಂದು ನಲವತ್ತೆರಡಕ್ಕೆ ಎಲ್ಲಿದ್ರಿ ಅಂತ. ರೂಮಿಂದ ಆಚೆ ಹೋಗಿದ್ದೆ, ಒಬ್ಬರ ಜೊತೆ ಮಾತಾಡ್ತಿದ್ದೆ ಅಂದ್ರು. ಯಾರ ಜೊತೆ ಅಂದೆ. ಅದು ಹೇಳಲ್ಲ, ಅವರಿಗೆ ಮುಜುಗರ ಆಗುತ್ತೆ ಅಂದ್ರು. ಜೈಲಿಗೆ ಹೋಗೋ ಹೊತ್ತಲ್ಲಿ ಯಾರದೋ ಮುಜುಗರ ನೋಡ್ತಾರಲ್ಲ. ಅಷ್ಟು ಒಳ್ಳೆಯವರಾ, ಇಲ್ಲ ನಾಟಕಾನಾ?”

ಅವರು ಲೋಟ ಇಟ್ಟು ಹೋದರು.

ನನಗೆ ಮೈಯೆಲ್ಲ ಉರಿಯಿತು. ಅವಳು ನನ್ನ ಮಾನ ಕಾಯುತ್ತಿದ್ದಾಳೆ. ನನ್ನ ಕುರ್ಚಿ ಸಾಲದೆಂದು, ನನ್ನ ಅತ್ತೆ ಸಾಲದೆಂದು, ಈಗ ಒಳ್ಳೆಯತನದಲ್ಲೂ ನನಗಿಂತ ಒಂದು ಕೈ ಮೇಲೆ. ಇವಳು ಬಾಯಿ ಮುಚ್ಚಿಕೊಂಡು ಜೈಲಿಗೆ ಹೋಗುತ್ತಾಳೆ, ನಾನು ಸಾಯುವವರೆಗೂ ಅದನ್ನು ಎದೆಯಲ್ಲಿಟ್ಟುಕೊಂಡು ಅವಳ ಕುರ್ಚಿಯಲ್ಲಿ ಕೂರಬೇಕು. ಅವಳ ಹಂಗಿನ ಕುರ್ಚಿಯಲ್ಲಿ.

ಅದೊಂದು ನನ್ನಿಂದಾಗದು.

ಇದನ್ನು ಮನಸ್ಸಾಕ್ಷಿ ಎಂದು ಯಾರಾದರೂ ಹೊಗಳಿದರೆ ನಾನು ಒಪ್ಪುವುದಿಲ್ಲ. ಅದೂ ಹೊಟ್ಟೆಕಿಚ್ಚೇ. ಮೂರು ಇಪ್ಪತ್ತಕ್ಕೆ ಎದ್ದು ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

“ಸರ್, ಅವಳು ಮಾತಾಡ್ತಿದ್ದದ್ದು ನನ್ನ ಜೊತೆ.”

ಪೆನ್ಸಿಲ್ ಸಾಹೇಬರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಕುರ್ಚಿ ತೋರಿಸಿದರು.

“ಎಲ್ಲಿ?”

“ಹಿಂದಿನ ಮೆಟ್ಟಿಲ ಮೇಲೆ. ಹನ್ನೊಂದು ಮೂವತ್ತೆಂಟರಿಂದ ಐವತ್ತರವರೆಗೆ.”

“ಒಳಗಿನ ಹಾಗೆ ಅಲ್ಲೂ ಕ್ಯಾಮೆರಾ ಇಲ್ಲ, ಜನಾನೂ ಓಡಾಡಲ್ಲ.”

“ಇಲ್ಲ. ಅದಕ್ಕೇ ಅಲ್ಲಿಗೆ ಕರ್ಕೊಂಡು ಹೋದೆ.”

“ಏನು ಮಾತಾಡಿದ್ರಿ?”

“ಅದು ಬೇಕಾ ಸರ್?”

“ಬೇಕು. ಸುಮ್ನೆ ಮೆಟ್ಟಿಲ ಮೇಲೆ ನಿಂತಿದ್ವಿ ಅಂದ್ರೆ ಯಾರೂ ನಂಬಲ್ಲ. ಮನೆಯವರನ್ನ ಉಳಿಸೋಕೆ ಹೇಳ್ತಿದೀರಿ ಅಂತಾರೆ.”

ಹೇಳಿದೆ. ಅವಳಿಗೆ ಇನ್ನೊಂದು ವಿಭಾಗವನ್ನೂ ಕೊಟ್ಟ ಸುದ್ದಿ ಅಂದು ಬೆಳಿಗ್ಗೆ ಬಂದಿತ್ತು ಎಂದೆ. ನಾನು ಅರ್ಜಿ ಹಾಕಿದ್ದ ವಿಭಾಗ. ಮೆಟ್ಟಿಲ ಮೇಲೆ ನಿಂತು, “ನನ್ನ ಬಾಯಿಂದ ತುತ್ತು ಕಿತ್ಕೊಂಡು ತಿಂತಿದೀಯ” ಎಂದು ಅವಳಿಗೆ ಹೇಳಿದೆ. ನಿನ್ನ ನಗು ನೋಡಿ ಕೊಟ್ಟಿದ್ದಾರೆ, ನಿನ್ನ ಕೆಲಸ ನೋಡಿ ಅಲ್ಲ ಎಂದೆ. ನಿನ್ನನ್ನು ಈ ಕಂಪನಿಗೆ ತಂದ ದಿನ ನನ್ನ ಕಾಲು ಮುರಿದಿದ್ದರೆ ಚೆನ್ನಾಗಿತ್ತು ಎಂದೆ. ಕೊನೆಗೆ ಅತ್ತೆಯ ಸಾರಿನ ವಿಷಯವನ್ನೂ ಎತ್ತಿದೆ.

“ಸಾರು?” ಪೆನ್ಸಿಲ್ ನಿಂತಿತು.

“ಬರ್ಕೊಳ್ಳಿ ಸರ್. ಬಂದದ್ದೆಲ್ಲ ಬರಲಿ.”

“ಅವರು ಏನಂದ್ರು?”

ಇದೇ ಕಷ್ಟದ್ದು. “‘ಅಕ್ಕ, ನಾನು ಬೇಡ ಅಂದಿದ್ರೆ ನಿಮಗೆ ಕೊಡ್ತಿದ್ರಾ?’ ಅಂದಳು. ಅಷ್ಟೇ. ನಾನು ಅತ್ತುಬಿಟ್ಟೆ. ಅಷ್ಟರಲ್ಲಿ ಗಂಟೆ ಬಡೀತು.”

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಗಿತ್ತು. ಪೆನ್ಸಿಲ್ ಸಾಹೇಬರು ನಗಲಿಲ್ಲ, ಅದಕ್ಕಾಗಿ ಅವರನ್ನು ಎಂದೂ ಮರೆಯುವುದಿಲ್ಲ. ರಬ್ಬರನ್ನು ಕೈಗೆ ತೆಗೆದುಕೊಂಡರು.

“ನಿಮ್ಮ ಮಾತು ನಿಜ ಆದ್ರೆ ಈ ಎರಡು ಹೆಸರೂ ಅಳಿಸ್ಬೇಕಾಗುತ್ತೆ. ನೀವಿಬ್ಬರೂ ಇಲ್ಲದ ಹೊತ್ತು ನೋಡಿ, ನಿಮ್ಮ ಡಬ್ಬಿಯಿಂದ ಕೀ ತಗೊಂಡು, ಅವರ ಕಂಪ್ಯೂಟರ್ ಮುಂದೆ ಕೂತ ಮೂರನೆಯವರು ಒಬ್ಬರಿದ್ದಾರೆ ಅಂತಾಯ್ತು. ಹುಡುಕೋ ದಿಕ್ಕೇ ಬೇರೆ. ಅವರನ್ನೊಮ್ಮೆ ಕರೆದು ಕೇಳ್ತೀನಿ. ಹೌದು ಅಂದ್ರೆ ಸಾಕು.”

ಫೋನಿನಲ್ಲಿ ಅವಳನ್ನು ಕರೆದರು. ಅದೇ ಹೊತ್ತಿಗೆ ಅವರ ಲ್ಯಾಪ್‌ಟಾಪ್ ಸದ್ದು ಮಾಡಿತು. ಪೆಟ್ಟಿಗೆ ಮಾಯವಾದ ಶೆಡ್ಡನ್ನು ಶೋಧಿಸಿದ ಪೊಲೀಸರು ಒಳಗಿನ ಫೋಟೋ ಕಳಿಸಿದ್ದರು. ಅವರು ಅದನ್ನು ತೆರೆದು, ಪರದೆಯನ್ನು ಬಾಗಿಲ ಕಡೆಗೆ ಸ್ವಲ್ಪ ಓರೆ ಮಾಡಿಟ್ಟರು. ನಾನು ಕುಳಿತ ಕಡೆಯಿಂದ ಬೆನ್ನು ಮಾತ್ರ ಕಾಣುತ್ತಿತ್ತು.

ಅವಳು ಒಳಗೆ ಬಂದಳು. ಮೊದಲು ನನ್ನನ್ನು ನೋಡಿದಳು. ನನ್ನ ಕೆಂಪು ಕಣ್ಣು ನೋಡಿ ಅವಳಿಗೆ ಎಲ್ಲ ಅರ್ಥವಾಗಿರಬೇಕು, ಮುಖ ಮೆತ್ತಗಾಯಿತು. “ಹೇಳಿಬಿಟ್ರಾ ಅಕ್ಕ” ಎಂದಳು, ಮೆಲ್ಲಗೆ.

ಹೌದು ಎಂದು ತಲೆಯಾಡಿಸಿದೆ. ಆರು ವರ್ಷದಲ್ಲಿ ಮೊದಲ ಸಲ ಅವಳ ಮೇಲೆ ಕೋಪವಿರಲಿಲ್ಲ.

ಆಮೇಲೆ ಅವಳ ಕಣ್ಣು ಪರದೆಯ ಕಡೆ ಹೋಯಿತು. ಅಲ್ಲೇ ನಿಂತಿತು. ಕುರ್ಚಿಯ ಬೆನ್ನು ಹಿಡಿದ ಅವಳ ಬೆರಳುಗಳು ಬೆಳ್ಳಗಾದವು.

“ಕೂತ್ಕೊಳ್ಳಿ ಮೇಡಂ” ಎಂದರು ಪೆನ್ಸಿಲ್ ಸಾಹೇಬರು. “ಒಂದೇ ಪ್ರಶ್ನೆ. ಗುರುವಾರ ಹನ್ನೊಂದು ನಲವತ್ತೆರಡಕ್ಕೆ ನೀವು ಇವರ ಜೊತೆ ಮೆಟ್ಟಿಲ ಮೇಲಿದ್ರಿ. ಹೌದಾ?”

ಅವಳು ಕೂರಲಿಲ್ಲ.

“ಇಲ್ಲ.”

“ಏನು?”

“ಇಲ್ಲ ಸರ್. ನಾನು ನನ್ನ ರೂಮಲ್ಲೇ ಇದ್ದೆ. ಕಂಪ್ಯೂಟರ್ ಮುಂದೆ.”

“ಏನ್ ಹೇಳ್ತಿದೀಯ ನೀನು?” ಎಂದೆ. “ಗಂಟೆ ಬಡೀತಲ್ಲ. ನೀನೇ ಹೆದರಿ ನನ್ನ ಕೈ ಹಿಡ್ಕೊಂಡೆಯಲ್ಲ.”

“ಅಕ್ಕ ನನ್ನ ಉಳಿಸೋಕೆ ಹೇಳ್ತಿದ್ದಾರೆ ಸರ್.”

“ಬೆಳಿಗ್ಗೆ ಬೇರೆ ಹೇಳಿದ್ರಿ ನೀವು” ಎಂದರು ಅವರು. “ಯಾರ ಜೊತೆಗೋ ಇದ್ದೆ ಅಂದ್ರಿ.”

“ಬೆಳಿಗ್ಗೆ ಹೆದರಿಕೆ ಆಗಿತ್ತು. ಸುಳ್ಳು ಹೇಳಿದೆ.”

“ಹಾಗಾದ್ರೆ ಆ ಹೊತ್ತಿಗೆ ಇವರು ಎಲ್ಲಿದ್ರು?”

ಅವಳು ನನ್ನ ಕಡೆ ತಿರುಗಲಿಲ್ಲ. “ಗೊತ್ತಿಲ್ಲ ಸರ್. ನಾನು ನೋಡಲಿಲ್ಲ.”

ಆ ಮಾತಿನ ತೂಕ ಅವಳಿಗೂ ಗೊತ್ತಿತ್ತು. ಅವಳು ನನ್ನ ಜೊತೆ ಇರಲಿಲ್ಲವೆಂದರೆ ನಾನೂ ಅವಳ ಜೊತೆ ಇರಲಿಲ್ಲ. ಕೀ ನನ್ನ ಡಬ್ಬಿಯಲ್ಲಿ, ನಿಯಮ ನನ್ನದು, ತಪಾಸಣೆ ನನ್ನದು, ಹೊಟ್ಟೆಕಿಚ್ಚಿನ ಹೇಳಿಕೆಯಂತೂ ಈಗಷ್ಟೇ ನನ್ನ ಬಾಯಿಂದಲೇ ಬರೆಸಿದ್ದೆ. ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡು ಅದರ ಇನ್ನೊಂದು ತುದಿಯನ್ನು ನನ್ನ ಕೊರಳಿಗೆ ಕಟ್ಟಿದಳು.

ಪೆನ್ಸಿಲ್ ಸಾಹೇಬರು ರಬ್ಬರನ್ನು ಜೇಬಿಗೆ ಹಾಕಿದರು.

“ಇಪ್ಪತ್ತೆಂಟು ವರ್ಷದಲ್ಲಿ ತಾವು ತಪ್ಪಿತಸ್ಥರಲ್ಲ ಅಂತ ಸುಳ್ಳು ಹೇಳೋರನ್ನ ತುಂಬಾ ನೋಡಿದೀನಿ” ಎಂದರು. “ಬಿಡಿಸೋಕೆ ಬಂದವರನ್ನ ಬೇಡ ಅಂತ ತಳ್ಳೋರು ಕಮ್ಮಿ. ಅಂಥವರು ಇನ್ಯಾರನ್ನೋ ಬಚ್ಚಿಡ್ತಿರ್ತಾರೆ.”

ಲ್ಯಾಪ್‌ಟಾಪನ್ನು ನನ್ನ ಕಡೆಗೂ ತಿರುಗಿಸಿದರು.

“ಈ ಚೀಲ ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಗೊತ್ತಾ?”

“ಇಲ್ಲ” ಎಂದಳು ಅವಳು. ಪ್ರಶ್ನೆ ಮುಗಿಯುವುದನ್ನೇ ಕಾದವಳಂತೆ.

ಖಾಲಿ ಶೆಡ್ಡು, ಸಿಮೆಂಟು ನೆಲ, ಗೋಡೆಗೊಂದು ಹೊಸ ಕೂಲಿಂಗ್ ಯಂತ್ರ. ಅದರ ಕೆಳಗೆ ಸ್ಪ್ಯಾನರುಗಳ ಒಂದು ಕ್ಯಾನ್ವಾಸ್ ಚೀಲ. ಹೆಗಲಿಗೆ ಹಾಕುವ ಪಟ್ಟಿ ಕಿತ್ತುಹೋಗಿದ್ದ ಕಡೆ ನೀಲಿ ದಾರದಿಂದ ಅಡ್ಡಡ್ಡ ಹೊಲಿಗೆ.

ಆ ಚೀಲ ದಿನಾ ಬೆಳಿಗ್ಗೆ ನನ್ನ ಮನೆಯ ಬಾಗಿಲಿನಿಂದ ಹೊರಡುತ್ತದೆ. ನನ್ನ ಗಂಡ ಕೋಲ್ಡ್ ಸ್ಟೋರೇಜ್ ಯಂತ್ರ ರಿಪೇರಿ ಮಾಡುವವರು; ನಮ್ಮ ಆಫೀಸಿನ ಎಸಿ ಕೆಟ್ಟರೂ ಬರುವವರು ಅವರೇ. ಗುರುವಾರ ಬರಿಗೈಯಲ್ಲಿ ಬಂದು, ಚೀಲ ಕೆಲಸದ ಜಾಗದಲ್ಲೇ ಬಿಟ್ಟೆ ಎಂದಿದ್ದರು.

ಫ್ರೀಜ್ ಬಗ್ಗೆ, ವಿಳಾಸ ಪಟ್ಟಿಯ ಬಗ್ಗೆ, ಮೂರೂವರೆಯ ತಪಾಸಣೆಯ ಬಗ್ಗೆ, ಡಬ್ಬಿಯ ಬಗ್ಗೆ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಓರಗಿತ್ತಿಯನ್ನು ಬೈಯುತ್ತಾ ಬೈಯುತ್ತಾ, ಪ್ರತಿ ಸಂಜೆ ಕಾಫಿಯ ಜೊತೆ, ಒಂದೊಂದಾಗಿ ಎಲ್ಲವನ್ನೂ ನಾನೇ ಹೇಳಿಕೊಟ್ಟಿದ್ದೆ.

ಆದರೆ ಆ ಹೊತ್ತಿನಲ್ಲಿ ನನ್ನನ್ನು ಚುಚ್ಚಿದ್ದು ಅದಲ್ಲ. ಪಟ್ಟಿ ಕಿತ್ತುಹೋಗಿದೆ, ಒಂದು ಹೊಲಿಗೆ ಹಾಕಿಕೊಡು ಎಂದು ಎರಡು ತಿಂಗಳ ಹಿಂದೆ ಅವರು ನನ್ನನ್ನು ಕೇಳಿದ್ದರು. ಪುರುಸೊತ್ತಿಲ್ಲ ಎಂದಿದ್ದೆ. ವಾರ ಕಳೆಯುವುದರಲ್ಲಿ ಹೊಲಿಗೆ ಬಿದ್ದಿತ್ತು. ಯಾರು ಹಾಕಿದ್ದೆಂದು ನಾನು ಕೇಳಲಿಲ್ಲ. ಈಗ ಕೇಳಬೇಕಾಗಿಯೂ ಇರಲಿಲ್ಲ.

ತಲೆಯೆತ್ತಿದೆ. ಅವಳು ಈಗ ನನ್ನನ್ನೇ ನೋಡುತ್ತಿದ್ದಳು. ಆರು ವರ್ಷದಲ್ಲಿ ನನ್ನ ಮುಂದೆ ಒಮ್ಮೆಯೂ ಅಂಗಲಾಚದ ಕಣ್ಣುಗಳು, ಹೇಳಬೇಡಿ ಎಂದು ಬೇಡುತ್ತಿದ್ದವು. ನನ್ನ ಗಂಡನಿಗಾಗಿ.

“ಮೇಡಂ” ಎಂದರು ಪೆನ್ಸಿಲ್ ಸಾಹೇಬರು. “ಅವರು ಹೇಳಿ ಆಯ್ತು. ಈಗ ನಿಮ್ಮನ್ನ ಕೇಳ್ತಿದೀನಿ.”